ಪೂಜೆಯಾದ ಟೈರುಗಳ ಹೋಟೆಲ್ ವಾಸ

ನಮ್ಮ ಭಾವನಿಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಕಾರಿನ ಟೈರಿನ ಬಗ್ಗೆ ಅವರಷ್ಟು ಮಾತಾಡುವವರು ಇಡೀ ನೆದರ್‌ಲ್ಯಾಂಡ್ಸಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ನನ್ನ ಕಾರನ್ನು ಅವರಿಗೇ ಕೊಟ್ಟುಬಿಡುತ್ತೇನೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು, ವೆಲ್ಡ್‌ಹೋವನ್‌ನಲ್ಲಿ ಚಿಪ್ ತಯಾರಿಸುವ ಯಂತ್ರಗಳ ಎಂಜಿನಿಯರ್. ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣ ಗೆರೆ ಸೊಟ್ಟಗಾದರೂ ಕಂಡುಹಿಡಿಯುತ್ತಾರಂತೆ. ಡ್ರೈವಿಂಗ್ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಡುಮ್ಕಿ. ಎರಡನೆಯ ಸಲ ಸರ್ಕಲ್ಲಿನಲ್ಲಿ ಬಂದ ಕಾರು, ಸೈಕಲ್, ಕೊನೆಗೆ ಒಂದು ಬಾತುಕೋಳಿಗೂ ದಾರಿ ಬಿಟ್ಟು ಕೂತೇ ಇದ್ದರಂತೆ. ಅಂದಿನಿಂದ ಅವರಿಗೆ ಸೈಕಲ್ಲೇ ಗತಿ. ಅವರ ಜ್ಞಾನಕ್ಕೆಲ್ಲ ಎರಡು ಬೀದಿ ಆಚೆ ನಿಲ್ಲುವ ನನ್ನ ಕಾರೇ ಗತಿ.

ಇದಕ್ಕೆಲ್ಲ ಕಾರಣ ಕಳೆದ ಜನವರಿ. ವಾರಕ್ಕೆರಡು ದಿನ ನಾನು ಬೆಳಗಿನ ಕತ್ತಲಲ್ಲೇ ಕಾಪೆಲ್ಲೆ ಎಂಬ ಊರಿನ ಆಫೀಸಿಗೆ ಹೊರಡಬೇಕು. ಅಂದು ಅಕ್ಕನ ಮನೆಯ ಹತ್ತಿರ ನಿಂತು ಹೊರಡುವಷ್ಟರಲ್ಲಿ ತಡವಾಗಿತ್ತು, ಜೋರಾಗಿ ಓಡಿಸಿದೆ. ಸೇತುವೆ ಇಳಿಯುವಾಗ ಕಾರು ಮಂಜುಗಡ್ಡೆಯ ಮೇಲೆ ಜಾರಿ, ಅರ್ಧ ಸುತ್ತು ತಿರುಗಿ, ಕಾಲುವೆಯ ಅಂಚಿಗೆ ಹೋಗಿ ನಿಂತಿತು. ಏನೂ ಆಗಲಿಲ್ಲ. ಸಂಜೆ ಅದನ್ನೇ ತಮಾಷೆಯಾಗಿ ಹೇಳಿದೆ. ಅಕ್ಕ ಬೈದಳು. ಭಾವ ಚಪಾತಿ ಅರ್ಧಕ್ಕೇ ಬಿಟ್ಟೆದ್ದು ಲ್ಯಾಪ್‌ಟಾಪ್ ತೆರೆದರು. ಅದು ಅಕ್ಟೋಬರ್‌ವರೆಗೆ ಮುಚ್ಚಲಿಲ್ಲ!

ಪ್ರಶ್ನೆ ಇಷ್ಟೇ: ಚಳಿಗಾಲಕ್ಕೆಂದೇ ಇರುವ ವಿಂಟರ್ ಟೈರೋ, ವರ್ಷವಿಡೀ ಓಡುವ ಆಲ್ ಸೀಸನ್ ಟೈರೋ? ಈ ದೇಶದಲ್ಲಿ ಯಾವುದೂ ಕಡ್ಡಾಯವಲ್ಲ. ಆದರೆ ಭಾವನನ್ನು ತಡೆಯುವವರು ಯಾರು? ಗಣೇಶನ ಹಬ್ಬದಲ್ಲಿ ಜನ ಪ್ರಸಾದಕ್ಕೆ ಸಾಲು ನಿಂತರೆ, ಇವರು ಸಾಲಿನುದ್ದಕ್ಕೂ ಟೈರಿನ ಅಭಿಪ್ರಾಯ ಸಂಗ್ರಹಿಸಿದರು.

"ಏಳು ಡಿಗ್ರಿಗಿಂತ ಕೆಳಗೆ ಹೋದ್ರೆ ಮಾಮೂಲಿ ರಬ್ಬರ್ ಗಟ್ಟಿಯಾಗ್ಬಿಡುತ್ತೆ, ಗೊತ್ತಾ?"

"ಹಾಗಾದ್ರೆ ಆಲ್ ಸೀಸನ್ ಹಾಕ್ಸೋಣ ಭಾವ."

"ಅದು ದೋಸೆನೂ ನೂಡಲ್ಸೂ ಎರಡೂ ಮಾಡೋ ಹೋಟೆಲ್ ಇದ್ದಂಗೆ. ಎರಡೂ ಸುಮಾರಾಗೇ ಇರುತ್ತೆ."

"ಸರಿ, ವಿಂಟರೇ ಹಾಕ್ಸೋಣ."

"ಏಪ್ರಿಲಲ್ಲಿ ಬಿಸಿಲು ಬಂದ್ರೆ?"

ಇಂಥವರಿಗೆ ಏನು ಹೇಳುತ್ತೀರಿ? ಕೊನೆಗೆ ಅಕ್ಕನೇ ಗ್ಯಾರೇಜಿಗೆ ಫೋನ್ ಮಾಡಿ, ಅಕ್ಟೋಬರ್ ಕೊನೆಯ ಶನಿವಾರಕ್ಕೆ ವಿಂಟರ್ ಟೈರ್ ಎಂದು ತೀರ್ಪು ಕೊಟ್ಟಳು.

ನಡುವೆ ಆಯುಧಪೂಜೆ ಬಂತು. ಭಾವ ನನ್ನ ಕಾರು ತೊಳೆದು, ನಾಲ್ಕೂ ಟೈರಿಗೆ ಅರಿಶಿನ ಕುಂಕುಮ ಹಚ್ಚಿ, ಒಂದೊಂದಕ್ಕೂ ಬೇರೆ ಬೇರೆ ಮಂತ್ರ ಹೇಳಿ, ನಿಂಬೆಹಣ್ಣಿನ ಮೇಲೆ ಹಾಯಿಸಲು ನನ್ನನ್ನು ಕೂರಿಸಿದರು. ಡಚ್ ನೆರೆಯಾಕೆ ಕಿಟಕಿಯಿಂದ ಕೈ ಬೀಸಿದಳು.

ಶನಿವಾರ ಗ್ಯಾರೇಜಿಗೆ ಭಾವನೂ ಬಂದರು. ಬಿಚ್ಚಿದ ಟೈರುಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರು. "ಬಾಂಡೆನ್‌ಹೋಟೆಲಿಗೆ" ಎಂದ ಮೆಕ್ಯಾನಿಕ್. ಇಲ್ಲಿ ಟೈರುಗಳಿಗೂ ಹೋಟೆಲುಂಟು; ಬೇಸಿಗೆಯವರೆಗೆ ಅವು ಅಲ್ಲೇ ತಂಗುತ್ತವೆ. ಟೈರಿನ ಮೇಲೆ ಕುಂಕುಮ ಇನ್ನೂ ಅಳಿಸಿರಲಿಲ್ಲ. ಭಾವನ ಮುಖ ಬಿಳಿಚಿಕೊಂಡಿತು.

"ಪೂಜೆ ಆಗಿರೋ ಟೈರ್ ಹೋಟೆಲಲ್ಲಿ ರೆಸ್ಟ್ ತಗೊಳ್ಳೋದು, ಪೂಜೆ ಇಲ್ಲದ್ದು ಐಸ್ ಮೇಲೆ ಓಡೋದಾ?"

ಅಷ್ಟು ಹೇಳಿ, ಚಿತ್ರಾನ್ನಕ್ಕೆಂದು ಅಕ್ಕ ತರಿಸಿದ್ದ ನಾಲ್ಕು ನಿಂಬೆಹಣ್ಣನ್ನು ಚೀಲದಿಂದ ತೆಗೆದು ಹೊಸ ಟೈರುಗಳ ಮುಂದಿಟ್ಟರು. ಇದು ಗಾಳಿ ಸೋರುತ್ತಿದೆಯೇ ಎಂದು ನೋಡುವ ವಿಧಾನವೇ ಎಂದು ಮೆಕ್ಯಾನಿಕ್ ಗಂಭೀರವಾಗಿ ಕೇಳಿದ. ನಾನು ನಾಚಿಕೆ ಬಿಟ್ಟು ವಿಷಯ ವಿವರಿಸಿದೆ. ಆತ ತಲೆ ಕೆರೆದುಕೊಂಡು, "ಆಲ್ ಸೀಸನ್ ಹಾಕಿಸಿದ್ದರೆ ವರ್ಷಕ್ಕೊಂದು ಪೂಜೆ ಸಾಕಿತ್ತಲ್ಲ?" ಎಂದ.

ಒಂಬತ್ತು ತಿಂಗಳ ಸಂಶೋಧನೆ! ಈ ಅಂಶವೊಂದು ಮಾತ್ರ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ನಾನಂತೂ ಮನೆ ತಲುಪುವವರೆಗೆ ನಕ್ಕೆ.

ಡಿಸೆಂಬರಿನಲ್ಲಿ ಮೊದಲ ಸಲ ರಸ್ತೆ ಹೆಪ್ಪುಗಟ್ಟಿದ ದಿನ, ಕಾಪೆಲ್ಲೆಗೆಂದು ಆರೂವರೆಗೆ ಹೊರಬಂದರೆ ಕಾರಿನ ಪಕ್ಕ ಭಾವನ ಸೈಕಲ್ಲು. ಗಾಜಿನ ಮೇಲಿನ ಹಿಮವನ್ನೆಲ್ಲ ಕೆರೆದು ಮುಗಿಸಿದ್ದರು. ಕೈಬೆರಳು ಕೆಂಪಾಗಿದ್ದವು. ಟೈರುಗಳ ಮುಂದೆ ಮತ್ತೆ ನಿಂಬೆಹಣ್ಣು!

"ಏನ್ ಭಾವ ಇದು, ಇನ್ನೂ ಬಿಡ್ಲಿಲ್ವಾ ನೀವು?" ಎಂದು ರೇಗಿದೆ.

ಅವರು ಕೆರೆಯುವ ಪಟ್ಟಿಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಆವತ್ತು ಚಟ್ನಿಪುಡಿ ಡಬ್ಬಿ ತಗೊಂಡು ಹೋಗು ಅಂತ ನಿನ್ನ ಕಾಲು ಗಂಟೆ ನಿಲ್ಲಿಸಿದ್ದು ನಾನೇ ಅಲ್ವಾ? ಇಲ್ದಿದ್ರೆ ನೀನು ಅಷ್ಟು ಜೋರಾಗಿ ಹೋಗ್ತಿರ್ಲಿಲ್ಲ."

ಡಬ್ಬಿಯ ವಿಷಯ ನಾನು ಮರೆತೇಬಿಟ್ಟಿದ್ದೆ. ಇವರು ಹನ್ನೊಂದು ತಿಂಗಳಿಂದ ಅದನ್ನು ಹೊತ್ತುಕೊಂಡು ಓಡಾಡುತ್ತಿದ್ದರು. ಅವರನ್ನು ಆಡಿಕೊಂಡ ಒಂದೊಂದು ಮಾತೂ ನೆನಪಾಯಿತು. ನಿಂಬೆಹಣ್ಣಿನ ಮೇಲೆ ಕಾರನ್ನು ಮೆಲ್ಲಗೆ ಹಾಯಿಸಿದೆ. ಸೇತುವೆಯನ್ನು ಇನ್ನೂ ಮೆಲ್ಲಗೆ ಇಳಿದೆ.

ಆಫೀಸು ತಲುಪಿ ಫೋನ್ ಮಾಡಿದರೆ ಒಂದೇ ರಿಂಗಿಗೆ ಎತ್ತಿದರು. ಟೈರಿನ ಹಿಡಿತ ಹೇಗಿತ್ತು ಎಂದು ಕೇಳುತ್ತಾರೆಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಕೇಳಲಿಲ್ಲ.

"ತಲುಪಿದ್ಯಾ? ಸರಿ, ತಿಂಡಿ ತಿನ್ನು" ಎಂದರು.