ತಿರುಗಿ ಬರುವ ಪುರಾವೆ

ಮರಿ ಡಾಕ್ಟರಿಗೆ ಎರಡು ಸಲ ವೀಸಾ ತಪ್ಪಿದ್ದು ಒಂದೇ ಕಾರಣಕ್ಕೆ. ಹೋದವನು ತಿರುಗಿ ಬರುತ್ತಾನೆ ಅನ್ನುವುದಕ್ಕೆ ಪುರಾವೆ ಇಲ್ಲವಂತೆ. ಅಯ್ಯೋ, ಅವನು ಕೇಳಿದ್ದು ಬರೀ ನಾಲ್ಕು ವಾರ! ಪರದೇಶದ ಆಸ್ಪತ್ರೆಯಲ್ಲಿ ಅಷ್ಟು ದಿನ ಕೆಲಸ ನೋಡಿ, ಅಲ್ಲಿಯವರಿಂದ ಒಂದು ಶಿಫಾರಸು ಪತ್ರ ತಂದರೆ ಮುಂದಿನ ಓದಿಗೆ ದಾರಿಯಾಗುತ್ತಿತ್ತು. ಎರಡು ಸಲ ಜಾಗ ಕಾದಿಟ್ಟ ಆ ಆಸ್ಪತ್ರೆಯವರು, ಬರುವ ತಿಂಗಳ ಒಂದನೇ ತಾರೀಖಿಗೆ ಬರದಿದ್ದರೆ ಮತ್ತೆ ಕೇಳಬೇಡಿ ಎಂದು ಬರೆದಿದ್ದರು.

ಮೂರನೇ ಸಲದ ಹೊಣೆಯನ್ನು ಸೋದರಮಾವ ಹೊತ್ತರು. ನಿವೃತ್ತ ಗುಮಾಸ್ತರಿಗೆ ಕಾಗದ ಕಂಡರೆ ಮೈಯಲ್ಲಿ ಹುರುಪು. ಮರಿ ಡಾಕ್ಟರು ದಿನಗೂಲಿಯಂತೆ ದುಡಿಯುತ್ತಿದ್ದ ನರ್ಸಿಂಗ್ ಹೋಮಿಗೆ ಹೋಗಿ, ಅದರ ಯಜಮಾನರಾದ ದೊಡ್ಡ ಡಾಕ್ಟರಿಂದ ಕಾಯಂ ನೇಮಕದ ಪತ್ರವನ್ನೇ ಬರೆಸಿಕೊಂಡು ಬಂದರು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ ಅರ್ಧ ಗಂಟೆಯಲ್ಲಿ ಪತ್ರ ಕೊಟ್ಟಾಗಲೇ ಅನುಮಾನ ಬರಬೇಕಿತ್ತು. ಮಾವ ಬೆರಳಿಟ್ಟಲ್ಲಿ ಮರಿ ಡಾಕ್ಟರು ಸಹಿ ಹಾಕಿದ; ಮಾವ ನಕಲು ಮಾಡಿಸಿಕೊಂಡು ಮೂಲವನ್ನು ದೊಡ್ಡ ಡಾಕ್ಟರಿಗೆ ಮರಳಿಸಿದರು.

ಸಂದರ್ಶನದ ದಿನ ಬೆಳಿಗ್ಗೆ ಎದುರುಮನೆ ಟೀಚರಮ್ಮ ಬಂದು ಕೂತರು.

"ಏನೇ ಕೇಳ್ಲಿ, 'ತಿರುಗಿ ಬರ್ತೀನಿ' ಅನ್ನೋದು ಬಾಯಲ್ಲಿರ್ಬೇಕು. ಹೇಳು!"

"ತಿರುಗಿ ಬರ್ತೀನಿ."

"ಗಟ್ಟಿಯಾಗಿ!"

ಇಪ್ಪತ್ತು ಸಲ ಹೇಳಿಸಿದರು. ಅಷ್ಟರಲ್ಲಿ ಮಾವ ಕಡತದೊಳಗೆ ಅಮ್ಮನ ಮಂಡಿಯ ಎಕ್ಸ್‌ರೇ ತುರುಕಿದರು.

"ಇದ್ಯಾಕೆ ಮಾವ?"

"ಸುಮ್ನಿರೋ. ಈ ಮಂಡಿ ನೋಡಿದ ಮೇಲೆ ಯಾವ ಮಗ ಬಿಟ್ಟುಹೋಗ್ತಾನೆ?"

ವೀಸಾ ಕಚೇರಿಯ ಕಿಟಕಿಯ ಆಚೆಗಿದ್ದ ಅಧಿಕಾರಿ ಮೊದಲು ಕೇಳಿದ್ದು, "ನಿಮ್ಮ ಹೆಸರು?"

"ತಿರುಗಿ ಬರ್ತೀನಿ ಸಾರ್!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮರಿ ಡಾಕ್ಟರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅಧಿಕಾರಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ತಲೆಕೆಳಗೆ ಮಾಡಿ ನೋಡಿ, ಪಕ್ಕಕ್ಕಿಟ್ಟ. ಆಮೇಲೆ ನೇಮಕದ ಪತ್ರದ ನಕಲನ್ನು ಓದಿದ. ಮುಖ ಸಡಿಲವಾಯಿತು.

"ಕಾಯಂ ಕೆಲಸ ಇದೆ ಅನ್ನಿ. ಹಾಗಾದ್ರೆ ಬಂದೇ ಬರ್ತೀರಿ. ವೀಸಾ ಕೊಟ್ಟಿದೀವಿ."

ಮರಿ ಡಾಕ್ಟರಿಗೆ ಕಣ್ಣು ತುಂಬಿ ಬಂತು. ಅಲ್ಲಿಂದ ನೇರವಾಗಿ ನರ್ಸಿಂಗ್ ಹೋಮಿಗೆ ಓಡಿದ. ಫೋನಿನಲ್ಲಿ ಸುದ್ದಿ ತಿಳಿದ ಮಾವ, ಟೀಚರಮ್ಮ ಆಗಲೇ ಅಲ್ಲಿದ್ದರು.

"ಸಾರ್, ವೀಸಾ ಸಿಕ್ತು! ನಾಲ್ಕು ವಾರ ರಜೆ ಬೇಕಿತ್ತು."

ದೊಡ್ಡ ಡಾಕ್ಟರು ಸಂತೋಷದಿಂದ ಕೈಕುಲುಕಿ, ಮೇಜಿನಿಂದ ಮೂಲ ಪತ್ರ ತೆಗೆದು ಹಿಂಬದಿ ತಿರುಗಿಸಿದರು.

"ಓದಪ್ಪ. ಮೊದಲ ವರ್ಷ ರಜೆ ಇಲ್ಲ. ಮುಂದಿರೋ ಸಹಿ ನಿಂದೇ."

ಮಾವ ಮೆಲ್ಲಗೆ ಕೆಮ್ಮಿದರು. "ನಾನು ಮುಂದಿನದಷ್ಟೇ ನಕಲು ಮಾಡಿಸ್ದೆ. ಹಿಂದೆ ಇರುತ್ತೆ ಅಂತ ಯಾರಿಗೆ ಗೊತ್ತು?"

"ಹಾಗಾದ್ರೆ ಕೆಲಸಾನೇ ಬಿಡ್ತೀನಿ ಸಾರ್!"

"ಬಿಡು, ಬೇಡ ಅನ್ನಲ್ಲ. ಆದರೆ ಈ ಕೆಲಸ ತೋರಿಸಿ ತಾನೇ ವೀಸಾ ತಗೊಂಡಿದ್ದು? ಬಿಟ್ಟಿದಾನೆ ಅಂತ ಅವರಿಗೆ ನಾನು ತಿಳಿಸ್ಬೇಕಾಗುತ್ತಲ್ಲಪ್ಪ."

ಮರಿ ಡಾಕ್ಟರು ಮಾವನನ್ನು ನೋಡಿದ. ಮಾವ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಎರಡು ವರ್ಷದ ಆಸೆ ಎದೆಯಲ್ಲೇ ಕುಸಿದು ಕೂತಿತು. ಬೇರೆ ದಾರಿ ಕಾಣದೆ, ಗೋಡೆಯ ಮೊಳೆಗೆ ನೇತುಹಾಕಿದ್ದ ಬಿಳಿ ಕೋಟು ತೊಟ್ಟು ಹೊರಗೆ ಬಂದ.

ಬೆಂಚಿನ ಮೇಲೆ ಕಾಯುತ್ತಿದ್ದ ಅಜ್ಜಿ ಕಣ್ಣರಳಿಸಿದಳು. "ಫಾರಿನ್‌ಗೆ ಹೋಗ್ತೀರಂತೆ ಅಂದಿದ್ರು, ಡಾಕ್ಟ್ರೇ?"

"ತಿರುಗಿ ಬಂದೆ ಅಜ್ಜಿ," ಅಂದ ಮರಿ ಡಾಕ್ಟರು. "ನಾಲಿಗೆ ಚಾಚಿ."