ಅತ್ತೆಯ ದೋಣಿ ಮತ್ತೆ ಬದಲಾಯಿತು

ನಮ್ಮ ಸೋದರತ್ತೆ ನೆಲದ ಮೇಲೆ ನೆಮ್ಮದಿಯಾಗಿ ಕೂತದ್ದನ್ನು ಕಂಡವರಿದ್ದರೆ ಮುಂದೆ ಬರಲಿ, ಶಾಲು ಹೊದಿಸಿ ಸನ್ಮಾನ ಮಾಡಿಸುತ್ತೇನೆ! ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ವರ್ಷಗಟ್ಟಲೆ ಹೊಲಿಗೆ ಯಂತ್ರ ತುಳಿದ ಕಾಲು; ಕೆಲಸ ಬಿಟ್ಟು ಮಡತ್ತುಕುಳಂಗೆ ಬಂದ ಮೇಲೂ ನಿಲ್ಲಲಿಲ್ಲ. ಊಟಕ್ಕೆ ಕೂತರೂ ನಡುವೆ ಎದ್ದು ಹೋಗಿ ಹಿತ್ತಲು ನೋಡಿ ಬರುವವರು.

ಅಂಥವರನ್ನು ಕಯಾಕಿಗೆ, ಅಂದರೆ ಒಬ್ಬರೇ ಕಾಲು ಚಾಚಿ ಕೂತು ಹುಟ್ಟು ಹಾಕುವ ಕಿರಿದಾದ ದೋಣಿಗೆ ಹತ್ತಿಸಿದ ಕೀರ್ತಿ ನನ್ನದು. ಪೀಳಮೇಡಿನ ನಮ್ಮ ಮನೆಗೆ ಬಂದಿದ್ದಾಗ ಬೇಸರ ಕಳೆಯಲೆಂದು ಕೆರೆಗೆ ಕರೆದೊಯ್ದೆ. ಹೊತ್ತು ಮುಗಿಯಿತೆಂದು ದೋಣಿ ಬಾಡಿಗೆಯವನು ದಡದಿಂದ ಸೀಟಿ ಊದಿ ಊದಿ ಸುಸ್ತಾದ ಮೇಲೆ ಅತ್ತೆ ವಾಪಸು ಬಂದರು.

“ಕಣ್ಣು, ಇದು ಎಲ್ಲಿ ಸಿಕ್ಕುತ್ತೆ?” ಅತ್ತೆ ನನ್ನನ್ನು ಮುದ್ದಿಗೆ ಕರೆಯುವುದೇ ಹಾಗೆ.

ಮೊದಲು ಬಂದದ್ದು ಗಾಳಿ ತುಂಬುವ ದೋಣಿ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು ಮಾವನ ಮುಖ ದೋಣಿಗಿಂತ ಹೆಚ್ಚು ಉಬ್ಬಿತು. ನೀರಿಗಿಳಿಯುವ ಮೊದಲೇ ಕೆರೆ ದಡದ ಸೀಮೆಜಾಲಿ ಮುಳ್ಳು ತನ್ನ ಕೆಲಸ ಮಾಡಿತು. ಅತ್ತೆ ದೋಣಿಯನ್ನು ಹೆಗಲಿಗೆ ಹಾಕಿಕೊಂಡು ನೇರ ಪಂಕ್ಚರ್ ಅಂಗಡಿಗೆ! ಅಂಗಡಿಯವನು ಅತ್ತಿತ್ತ ಹುಡುಕಿ ಕೇಳಿದನಂತೆ: “ಅಕ್ಕಾ, ವಂಡಿ ಎಂಗೆ?” ಗಾಡಿ ಎಲ್ಲಿ ಎಂದು!

ಆಮೇಲೆ ಗಟ್ಟಿ ಪ್ಲಾಸ್ಟಿಕ್ಕಿನದು ಬಂತು. ದೋಣಿ ಗಟ್ಟಿಯಾಯಿತು, ಈಗ ಹುಟ್ಟು ಭಾರವಾಯಿತು. ಅಲ್ಯೂಮಿನಿಯಂ ಹೋಗಿ ಕಾರ್ಬನ್ ಹುಟ್ಟು. ಮಾವ ಅದನ್ನು ಕೈಯಲ್ಲಿ ತೂಗಿ ನೋಡಿ, “ಹಗುರ ಆದಷ್ಟೂ ರೇಟ್ ಜಾಸ್ತಿನಾ? ಅಂಗಾದ್ರೆ ಬರೀ ಕೈನ ಎಷ್ಟಕ್ಕೆ ಮಾರ್ತಾನಂತೆ?” ಎಂದರು.

ಲೈಫ್ ಜಾಕೆಟ್ ಬಂದ ದಿನ ಅತ್ತೆ ಅದನ್ನು ಒಳಹೊರಗು ಮಾಡಿ, “ಇದ್ಯಾವ ಹೊಲಿಗೆ? ನನ್ನ ಟೇಬಲ್‌ಗೆ ಬಂದಿದ್ರೆ ರಿಜೆಕ್ಟ್!” ಎಂದು ವಾಪಸು ಕಳಿಸಿದರು. ಒಂದಲ್ಲ, ಮೂರು ಸಲ. ನೀರು ಒಳಗೆ ಬರದಂತೆ ಸೊಂಟಕ್ಕೆ ಕಟ್ಟಿ ದೋಣಿಯ ಬಾಯಿ ಮುಚ್ಚುವ ಬಟ್ಟೆಯೊಂದಿದೆ, ಅದನ್ನು ಉಟ್ಟು ಮನೆಯಲ್ಲೆಲ್ಲ ಓಡಾಡಿ ಅಳತೆ ನೋಡುತ್ತಿದ್ದಾಗ ಪಕ್ಕದ ಮನೆಯಾಕೆ ಬಂದು, “ಹೊಸ ಮಾಡೆಲ್ ಪಾವಾಡೆನಾ ಅಕ್ಕಾ? ನಂಗೂ ಒಂದು ತರಿಸಿ” ಎಂದಳು, ಲಂಗವೆಂದುಕೊಂಡು!

ಕೊನೆಗೆ ಬಂತು ನೋಡಿ ಒಂದು ಉದ್ದನೆಯ, ಸಪೂರ ದೋಣಿ. ಮನೆಯೊಳಗೆ ಹಿಡಿಸದೆ ಬಾಗಿಲಿನಿಂದ ಮೂತಿ ಹೊರಹಾಕಿ ಮಲಗಿರುತ್ತಿತ್ತು. ಅದರಲ್ಲಿ ಕೂತರೆ ಅತ್ತೆ ಗಾಳಿಯೇ! ಸದ್ಯ, ಇವರ ಆಸೆ ತೀರಿತು ಎಂದುಕೊಂಡೆವು.

ಹೋದ ಪೊಂಗಲಿಗೆ ಹೋದರೆ ಅದೂ ಇಲ್ಲ. ಅಂಗಳದಲ್ಲಿ ಅಗಲವಾದ, ದಪ್ಪನೆಯ ಇನ್ನೊಂದು ಬಿದ್ದಿತ್ತು.

“ಏನತ್ತೆ, ಕುದುರೆ ಮಾರಿ ಎಮ್ಮೆ ಕಟ್ಟಿದ್ದೀರಾ?”

“ಎರಡು ಸೀಟ್ ಬೇಕಾಗಿತ್ತು ಕಣ್ಣು. ಮಾತು ಸಾಕು, ಸೀಕ್ರಂ, ಬೇಗ ಬಂದು ಒಂದು ಕಡೆ ಹಿಡಿ.”

ಅದರ ಹಿಂದಿನ ವರ್ಷ ಮಾವನ ಕಣ್ಣು ಪೂರ್ತಿ ಹೋಗಿತ್ತು. ಆಪರೇಷನ್ನೂ ಉಳಿಸಲಿಲ್ಲ. ರಸ್ತೆಯಲ್ಲಿ ಎಡವಿ ಬಿದ್ದ ಮೇಲೆ ಅವರು ಟೀ ಅಂಗಡಿಗೂ ಹೋಗುತ್ತಿರಲಿಲ್ಲ, ತಮಾಷೆಯನ್ನೂ ಬಿಟ್ಟಿದ್ದರು. ಅದೆಲ್ಲ ನನಗೆ ಗೊತ್ತಿತ್ತು. ಆದರೆ ಎರಡು ಸೀಟು ಯಾಕೆಂದು ಮಾತ್ರ ಹೊಳೆದಿರಲಿಲ್ಲ.

“ನಾನು ಬರಲ್ಲ” ಎಂದು ಮಾವ ಕೆರೆ ದಡದಲ್ಲೇ ನಿಂತರು.

“ನೀರಲ್ಲಿ ಎಡವಕ್ಕೆ ಏನಿದೆ? ಬನ್ನಿ.”

ಅತ್ತೆ ಅವರ ಕೈ ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿ, ಜಾಕೆಟ್ಟಿನ ಪಟ್ಟಿ ಬಿಗಿದರು. ಇಂಥ ದೋಣಿಯಲ್ಲಿ ಮುಂದೆ ಕೂತವರ ಲಯಕ್ಕೆ ಹಿಂದಿನವರು ಹುಟ್ಟು ಹಾಕಬೇಕು, ದಾರಿಯನ್ನೂ ಅವರೇ ನೋಡಿಕೊಳ್ಳಬೇಕು. ಮಾವ ತಡವರಿಸಿ ಹುಟ್ಟು ಹಾಕಿದರು. ಅತ್ತೆಯೂ ಅಷ್ಟೇ ನಿಧಾನವಾಗಿ ಹಾಕಿದರು. ಕೆರೆಯ ನಡುವೆ ಮಾವನ ಕೈ ನಿಂತಿತು. ಅತ್ತೆಯ ಕೈಯೂ ನಿಂತಿತು. ಗಾಳಿಯಿಲ್ಲದ ಬೆಳಗು, ಅವರ ಮಾತು ನಾನು ನಿಂತಿದ್ದ ದಡದವರೆಗೂ ಕೇಳಿಸಿತು.

“ಯಾಕೆ ನಿಲ್ಲಿಸಿದೆ?”

“ನೀವು ನಿಲ್ಲಿಸಿದ್ರಲ್ಲ.”

“ಮುಂದೆ ಏನಿದೆ?”

“ಒಂದೂ ಇಲ್ಲ. ಬರೀ ನೀರು. ಎಷ್ಟು ದೂರ ಬೇಕಾದ್ರೂ ಹೋಗಿ.”

ಮಾವ ಹುಟ್ಟನ್ನು ಎತ್ತಿ, ಈ ಸಲ ಜೋರಾಗಿಯೇ ನೀರಿಗೆ ಹಾಕಿದರು.