ಟ್ರಾನ್ಸ್‌ಫಾರ್ಮರಿನ ನಡುತಂತಿಯೂ ನನ್ನ ಪದವಿಯೂ

ಪದವಿ ಇರುವವನು ಮನೆಯಲ್ಲಿ ಕೆಟ್ಟುಹೋದ ಯಾವ ವಸ್ತುವನ್ನೂ ಮುಟ್ಟಬಾರದು. ರಿಪೇರಿಯಾದರೆ ‘ಓದಿದಾರಲ್ಲ, ಅದಕ್ಕೇ’ ಅನ್ನುತ್ತಾರೆ. ಆಗದಿದ್ದರೂ ಅದನ್ನೇ ಅನ್ನುತ್ತಾರೆ, ರಾಗ ಮಾತ್ರ ಬೇರೆ. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಬಿ.ಇ. ಎಂದು ಬರೆದುಕೊಂಡ ಮೊದಲಿಗ ನಾನು, ಅದೂ ಎಲೆಕ್ಟ್ರಾನಿಕ್ಸ್‌ನಲ್ಲಿ. ಅಪ್ಪ ಗಾರೆ ಕೆಲಸದವರು. ಗೋಡೆ ಸೊಟ್ಟಗಾದರೆ ಕೆಡವಿ ಮತ್ತೆ ಕಟ್ಟುತ್ತಿದ್ದರು. ನಾನು ಸರ್ಕಾರಿ ನೌಕರ; ಸೊಟ್ಟಗಾಗಿದ್ದಕ್ಕೆ ಕಾರಣ ಬರೆಯುತ್ತೇನೆ.

ತಿರುವನಂತಪುರದ ಉಳ್ಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಟೈಪ್‌ರೈಟರಿನಷ್ಟು ಗಾತ್ರದ, ಟಿವಿಗೆ ಜೋಡಿಸಿ ನೋಡುವ ಹಳೇ ಕಂಪ್ಯೂಟರೊಂದಿದೆ. ಇಂಥದ್ದೇ ಒಂದು ನಮ್ಮ ಕಾಲೇಜಿನ ಎ.ಸಿ. ಕೋಣೆಯಲ್ಲಿತ್ತು, ಚಪ್ಪಲಿ ಹೊರಗೆ ಬಿಟ್ಟು ದರ್ಶನ ಪಡೆಯಬೇಕಿತ್ತು. ಹಾಗಾಗಿ ಗುಜರಿ ಅಂಗಡಿಯಲ್ಲಿ ಕಂಡಾಗ ಬಿಟ್ಟು ಬರಲು ಮನಸ್ಸಾಗಲಿಲ್ಲ. ಹೋದ ತಿಂಗಳು ಅದು ಉಸಿರು ನಿಲ್ಲಿಸಿತು. ಹೆಂಡತಿ ಸುಮಾ ಗಡುವು ಕೊಟ್ಟಳು: “ಭಾನುವಾರದೊಳಗೆ ಹತ್ತಿಕೊಂಡ್ರೆ ಸರಿ. ಇಲ್ಲಾಂದ್ರೆ ವಾಪಸ್ ಗುಜರಿಗೆ. ಆ ಜಾಗದಲ್ಲಿ ಅಕ್ಕಿ ಡಬ್ಬ ಇಡ್ತೀನಿ.”

ಮಲ್ಟಿಮೀಟರ್ ಹಿಡಿದು ಕೂತೆ. ಪ್ಲಗ್‌ನಲ್ಲಿ ಕರೆಂಟಿತ್ತು, ಫ್ಯೂಸ್ ಸರಿಯಿತ್ತು, ಟ್ರಾನ್ಸ್‌ಫಾರ್ಮರಿನಿಂದಾಚೆ ಏನೂ ಬರುತ್ತಿರಲಿಲ್ಲ. ಇಲ್ಲಿಯವರೆಗೆ ನನ್ನ ತಪ್ಪೇನೂ ಇಲ್ಲ, ದಯವಿಟ್ಟು ಗಮನಿಸಿ. ಚಾಲ ಮಾರುಕಟ್ಟೆಯಿಂದ ಹೊಸದು ತಂದೆ. ಹಳೆಯದರಿಂದ ಕಂಪ್ಯೂಟರಿಗೆ ಹೋಗುವ ತಂತಿ ಎರಡು, ಹೊಸದರಲ್ಲಿ ಮೂರು. ಮೇಲೆ 9-0-9 ಎಂದು ಬರೆದಿತ್ತು. ಬೇಕಾದದ್ದು ಒಂಬತ್ತು ವೋಲ್ಟ್. ಆಚೆಗೊಂದು ಒಂಬತ್ತು, ಈಚೆಗೊಂದು ಒಂಬತ್ತು, ನಡುವೆ ಸೊನ್ನೆ. ಸೊನ್ನೆಯಿಂದ ಯಾರಿಗೇನು ಪ್ರಯೋಜನ? ಅದನ್ನು ಕತ್ತರಿಸಿ, ಎರಡು ಒಂಬತ್ತುಗಳನ್ನೂ ಕಂಪ್ಯೂಟರಿಗೆ ಜೋಡಿಸಿದೆ. ಎರಡೂ ಸೇರಿದರೆ ಹದಿನೆಂಟೆಂದು ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು, ಅವರು ಬಿ.ಇ. ಮಾಡಿರುವುದಿಲ್ಲ.

ಸ್ವಿಚ್ ಒತ್ತಿದೆ. ಟಪ್ ಎಂದಿತು. “ಅಪ್ಪಾ, ಪುಗ!” ಎಂದು ಮಗಳು ಕಿರುಚಿದಳು. ಮನೆಯಲ್ಲಿ ಕನ್ನಡ ಮಾತಾಡು ಎಂದು ದಿನಾ ಅವಳ ತಲೆ ತಿನ್ನುವವನು ನಾನು. ಆ ಹೊಗೆಗೆ ಮಾತ್ರ ಮಲಯಾಳವೇ ಸಾಕೆನಿಸಿತು. ಸುಮಾ ಅಕ್ಕಿ ಡಬ್ಬ ಒರೆಸತೊಡಗಿದಳು.

ಶುಕ್ರವಾರ ಕಚೇರಿ ಕೆಲಸಕ್ಕೆ ಕೊಚ್ಚಿಗೆ ಹೋಗುವಾಗ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ರೈಲು ಹತ್ತಿಸಿದೆ. ಅಲ್ಲಿ ಹಳೇ ಆಂಪ್ಲಿಫೈಯರ್ ರಿಪೇರಿ ಮಾಡುವ ಲಿಸಿ ಚೇಚಿ, ಅಂದರೆ ಲಿಸಿ ಅಕ್ಕ, ಮುಚ್ಚಳ ತೆಗೆದು ಇಣುಕಿದರು. “ಟ್ರಾನ್ಸ್‌ಫಾರ್ಮರ್ ಚೆನ್ನಾಗೇ ಇದೆ ಸಾರ್. ಒಂಬತ್ತು ವೋಲ್ಟಿಗೆ ನಡುವಿನದೊಂದು, ಪಕ್ಕದ್ದೊಂದು, ಎರಡೇ ತಂತಿ ಸಾಕು.” ಸುಟ್ಟ ಬಿಡಿಭಾಗ ಬದಲಿಸಿ, ಕತ್ತರಿಸಿದ ತಂತಿಗೆ ಬೆಸುಗೆ ಹಾಕಿದರು. ಅಂಗಡಿಯ ಟಿವಿಯಲ್ಲಿ ಕರ್ಸರ್ ಮಿಣುಕಿತು. ನನಗೂ ಹೋದ ಜೀವ ಬಂತು.

“ಯಾರು ಸಾರ್ ಇದನ್ನ ಕತ್ತರಿಸಿದ್ದು?”

“ಊರಲ್ಲಿ ಒಬ್ಬ ಮೆಕ್ಯಾನಿಕ್.”

“ಛೇ, ಮೆಕ್ಯಾನಿಕ್ ಹೀಗೆ ಮಾಡಲ್ಲ. ಯಾರೋ ತುಂಬಾ ಓದಿದವರ ಕೆಲಸ.”

ಸುಮ್ಮನಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಅಷ್ಟು ಕಷ್ಟಪಟ್ಟು ಪಡೆದದ್ದನ್ನು ಹೇಳಿಕೊಳ್ಳದೆ ಇರುವುದು ಹೇಗೆ?

“ಹೌದು ಚೇಚಿ, ಬಿ.ಇ. ಫಸ್ಟ್ ಕ್ಲಾಸಂತೆ” ಎಂದೆ.